ಏನಂತಾಳ ಆಕಿ

ತಗಡಿನ ಮೇಲೆ ಟಪ್ ಎಂದು ಏನೋ ಬಿತ್ತು, ಮತ್ತೆ ಟಪ್, ಮಳೆ ಇರಲಿಕ್ಕಿಲ್ಲ, ಈ ಬಿಸಿಲಿಗೆ ಎಲ್ಲಿಯ ಮಳೆ, ಹಿಂದಿನ ಬಾಗಿಲಿಂದ ತಲೆ ಹೊರಗೆ ಹಾಕಿ ನೋಡಿದರೆ ಆಸ್ಪತ್ರೆಯ ಮೇಲಿನ ಮಹಡಿಯ ಕಟಾಂಜನಕ್ಕೆ ಯಾರೋ ಹಸಿ ಚಾದರ ಹರವಿದ್ದಾರೆ, ಅದರ ಮೂಲೆಯಿಂದ ನೀರು ಸೋರಿ ಆಂಬ್ಯುಲೆನ್ಸಿನ ನೆತ್ತಿಗೆ ಬೀಳುತ್ತಿದೆ, ಗಾಡಿಯನ್ನು ಒಂದು ಮೊಳ ಹಿಂದಕ್ಕೆ ತೆಗೆದರೆ ಸಾಕು, ಆದರೆ ಕೀಲಿಕೈ ಡ್ರೈವರ್ ದತ್ತಾತ್ರಿಯ ಕಿಸೆಯಲ್ಲಿದೆ, ದತ್ತಾತ್ರಿ ಗೇಟಿನ ಆಚೆ ಚಹಾದಂಗಡಿಯ ಬಾಕಿನ ಮೇಲೆ ಕಾಲು ಮಡಚಿ ಕೂತಿದ್ದಾನೆ, ಇಲ್ಲಿಂದಲೇ ಅವನ ನಗು ಕೇಳುತ್ತದೆ, ಉದಗೀರಕ್ಕೆ ಬಂದಾಗಲೆಲ್ಲ ಅವನಿಗೆ ಹೀಗೇ ಹಬ್ಬ. ಬೀಳಲಿ ನೀರು. ಗಾಡಿಯ ಟೆಕ್ನಿಷಿಯನ್ ಧನರಾಜ ಸ್ಟ್ರೆಚರಿನ ರೆಗ್ಝಿನ್ ಗಾದಿಯನ್ನು ಮತ್ತೆ ಒರೆಸಿದ, ಒರೆಸಿದ್ದನ್ನೇ ಒರೆಸಿದ, ರಕ್ತವೇನೂ ಇರಲಿಲ್ಲ, ಬಂದ ಹೆಣ್ಣುಮಗಳಿಗೆ ಮೈಮೇಲೆ ಒಡೆದ ಗಾಯವೇ ಇರಲಿಲ್ಲ, ಬಲಗೈ ಮಣಿಕಟ್ಟು ಮುರಿದು ಸೊಟ್ಟಗಾಗಿತ್ತು, ಪಕ್ಕೆಲುಬು ಮುಟ್ಟಿದರೆ ನೋವು, ಅಷ್ಟೇ, ಆದರೂ ಒರೆಸಬೇಕು, ಪ್ರತಿ ಪೇಷಂಟಿನ ನಂತರ ಒರೆಸಬೇಕು, ಅದು ನಿಯಮ, ಈ ಒಂದು ನಿಯಮವನ್ನಾದರೂ ಸರಿಯಾಗಿ ಮಾಡು ಧನರಾಜ, ಉಳಿದದ್ದನ್ನೆಲ್ಲ ಮಣ್ಣು ಮಾಡಿದ್ದೀ, ಗಾದಿಯನ್ನಾದರೂ ಒರೆಸು. ಒಳಗೆ ಹೋಗಬೇಕು. ಒಳಗೆ ಡಾಕ್ಟರಬಾಯಿಗೆ ಒಂದು ಮಾತು ಹೇಳಬೇಕು, ಒಂದೇ ಮಾತು, ಸಾಸ್ತೂರದ ಆ ಸೊಸೆ ಮೆಟ್ಟಿಲಿಂದ ಬಿದ್ದಿಲ್ಲ ಮೇಡಂ, ಅಷ್ಟು ಹೇಳಿದರೆ ಆಯಿತು, ಆಕೆಯನ್ನು ಅತ್ತೆಯೂ ಗಂಡನೂ ಸೇರಿ ತಿರುಗಿ ಮನೆಗೆ ಒಯ್ಯುವ ಮೊದಲು ಹೇಳಬೇಕು, ಒಯ್ದ ಮೇಲೆ ಹೇಳಿ ಏನು ಬಂತು, ಇಷ್ಟೆಲ್ಲ ಗೊತ್ತಿದ್ದೂ ಅವನ ಕೈ ಒದ್ದೆ ಬಟ್ಟೆ ಹಿಂಡುತ್ತದೆ, ಗಾದಿಯ ಹೊಲಿಗೆಯ ಸಂದಿಯೊಳಗೆ ಬೆರಳು ತೂರಿಸಿ ಧೂಳು ತೆಗೆಯುತ್ತದೆ.

ಬೆಳಗ್ಗೆ ಎಲ್ಲ ಸರಿಯಾಗಿಯೇ ಇತ್ತು, ಅಥವಾ ಸರಿಯಾಗಿದೆ ಎಂದು ಅವನು ಅಂದುಕೊಂಡಿದ್ದ, ನಿಲಂಗಾದಲ್ಲಿ ಟ್ರಸ್ಟಿನ ಗಾಡಿ ನಿಲ್ಲುವ ಗಿಡದ ಕೆಳಗೆ ಇಬ್ಬರೂ ಸೂಸಲಾ ತಿನ್ನುತ್ತಿದ್ದಾಗ ಫೋನು ಬಂತು, ಸಾಸ್ತೂರದಲ್ಲಿ ಮನೆಯ ಸೊಸೆ ಮಾಳಿಗೆಯ ಮೆಟ್ಟಿಲಿಂದ ಬಿದ್ದಾಳೆ, ಲಗೂ ಬರ್ರಿ. ಭೂಕಂಪ ಆದ ನಂತರ ಹೊಸದಾಗಿ ಕಟ್ಟಿದ ಊರು, ಗೆರೆ ಎಳೆದ ಹಾಗೆ ಓಣಿಗಳು, ಮನೆ ಹುಡುಕುವುದು ಕಷ್ಟವಲ್ಲ, ಅಂಗಳದ ಮುಂದೆ ಜನ ನಿಂತಿದ್ದರು. ಇಳಿಯುವ ಮೊದಲು ಜಾಗ ನೋಡಬೇಕು, ಆಂಬ್ಯುಲೆನ್ಸ್ ಕೆಲಸ ಕಲಿಸುವ ಸಂಜೆ ಕ್ಲಾಸಿನ ವಿದ್ಯಾವತಿ ಮೇಡಂ ಮೊದಲ ಪಾಠದಲ್ಲೇ ಹೇಳಿದ್ದು ಅದು, ಓಡಿ ಹೋಗಿ ಬೀಳಬ್ಯಾಡ್ರಿ, ನಿಂತು ನೋಡ್ರಿ, ಕರೆಂಟಿನ ವೈರು ಹರಿದದ ಏನು, ನಾಯಿ ಅದ ಏನು, ಗ್ಯಾಸ್ ವಾಸನಿ ಬರ್ತದ ಏನು, ಜಾಗ ಸುರಕ್ಷಿತ ಇದ್ರ ಒಳಗ ಹೋಗ್ರಿ. ನೋಡಿದ. ನಿಂತು ನೋಡಿದ, ವೈರು ಗೋಡೆಗೆ ನೆಟ್ಟಗಿತ್ತು, ನಾಯಿ ಕಟ್ಟಿತ್ತು, ಮೆಟ್ಟಿಲು ಒಣಗಿತ್ತು, ಕಟಕಟೆ ಇತ್ತು, ಮೆಟ್ಟಿಲ ಮೇಲೆ ನೀರಿಲ್ಲ ಎಣ್ಣೆಯಿಲ್ಲ ಜಾರುವಂಥದ್ದು ಏನೂ ಇಲ್ಲ, ಮತ್ತೆ ಹೇಗೆ ಬಿದ್ದಳು ಎಂದು ಆಗಲೇ ಕೇಳಿಕೊಳ್ಳಬೇಕಿತ್ತಲ್ಲ, ಕೇಳಿಕೊಳ್ಳಲಿಲ್ಲ, ತನಗೆ ಕಾಲಿಡಲು ಸುರಕ್ಷಿತವೇ ಎಂದಷ್ಟೇ ನೋಡಿದ, ಅಲ್ಲಿ ಬಾಳುವವಳಿಗೆ ಸುರಕ್ಷಿತವೇ ಎಂದು ನೋಡುವುದು ಅವನ ತಲೆಗೇ ಬರಲಿಲ್ಲ. ಕೆಳಗಿನ ಮೆಟ್ಟಿಲ ಹತ್ತಿರ ಆಕೆ ಗೋಡೆಗೆ ಒರಗಿ ಕೂತಿದ್ದಳು, ಹೆಸರು ಉಮಾಶ್ರೀ ಎಂದು ಅತ್ತೆ ಹೇಳಿದಳು, ಅತ್ತೆ ಪ್ರೇಮಾಬಾಯಿ, ಹಣೆ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ, ಮಾತು ಬೆಣ್ಣೆ, ಅಪ್ಪಟ ಮರಾಠಿ, ನೋಡಪ್ಪಾ ನನ್ನ ಬಂಗಾರದಂಥ ಸೊಸೆಗೆ ಎಂಥಾ ದೃಷ್ಟಿ ತಾಗಿತು ಎಂದು ಸೆರಗಿನಿಂದ ಕಣ್ಣು ಒತ್ತಿಕೊಂಡಳು, ಧನರಾಜ ಆಕೆಯ ಕಡೆಗೇ ತಿರುಗಿ, ಆಕೆಯ ಕಡೆಗೇ, ಕೈಗೆ ಹಲಗೆ ಕಟ್ಟಲೇನ್ರಿ ಎಂದು ಕೇಳಿದ, ಕಟ್ಟಪ್ಪಾ ಎಂದಳು, ಕಟ್ಟಿದ. ಕೈ ಯಾರದು. ಒಪ್ಪಿಗೆ ಕೊಟ್ಟವರು ಯಾರು. ಎಚ್ಚರವಿದ್ದ, ವಯಸ್ಸಿಗೆ ಬಂದ ಹೆಣ್ಣುಮಗಳು ಎದುರಿಗೆ ಕಣ್ಣು ಬಿಟ್ಟುಕೊಂಡು ಕೂತಿರುವಾಗ ಪಕ್ಕದವರ ಒಪ್ಪಿಗೆ ಕೇಳಿದರೆ ಪರೀಕ್ಷೆಯಲ್ಲಿ ಸೊನ್ನೆ, ಉತ್ತರ ಬರೆದಿದ್ದನಲ್ಲ, ಚೆನ್ನಾಗಿ ಬರೆದಿದ್ದ, ಕೆಂಪು ಪೆನ್ನಿನಿಂದ ಶಾಬಾಸ್ ಎಂದು ಬಿದ್ದಿತ್ತು.

ಹಲಗೆ ಕಟ್ಟುವಾಗ ರವಿಕೆಯ ತೋಳು ಮೇಲೆ ಸರಿದು ರಟ್ಟೆಯ ಮೇಲೆ ನೀಲಿ ಗುರುತು ಕಂಡಿತು, ಒಂದರ ಪಕ್ಕ ಒಂದು, ಯಾರೋ ಗಟ್ಟಿಯಾಗಿ ಹಿಡಿದಂತೆ, ಬಿದ್ದಾಗ ಆಗಿರಬೇಕು ಅಂದುಕೊಂಡ, ಹಾಗೆ ಅಂದುಕೊಳ್ಳುವುದು ಸುಲಭವಿತ್ತು. ನಿಲಂಗಾದಲ್ಲಿ ಇವತ್ತು ಎಲುಬಿನ ಡಾಕ್ಟರಿಲ್ಲ, ಉದಗೀರಕ್ಕೇ ಹೋಗಬೇಕು, ನನ್ನ ತಮ್ಮ ಅಲ್ಲೇ ಇದ್ದಾನೆ ನಡೀರಿ ಎಂದಳು ಪ್ರೇಮಾಬಾಯಿ, ಗಂಡ ಸಿದ್ಧೇಶ್ವರ ಬೈಕಿನ ಮೇಲೆ ಹಿಂದಿನಿಂದ ಬರುತ್ತಾನೆ, ಅವನು ಅಲ್ಲಿಯವರೆಗೂ ಕೊಟ್ಟಿಗೆಯ ಹತ್ತಿರ ನಿಂತು ಮೊಬೈಲಿನ ಗಾಜನ್ನು ಅಂಗಿಗೆ ಉಜ್ಜುತ್ತಿದ್ದ, ಹೆಂಡತಿಯ ಕಡೆ ಬರಲಿಲ್ಲ. ಪೇಷಂಟಿನ ಕಡೆಯವರನ್ನು ಮುಂದೆ ಡ್ರೈವರನ ಪಕ್ಕ ಕೂಡಿಸಬೇಕು, ಅದೂ ನಿಯಮ, ಆದರೆ ಮುಂದಿನ ಸೀಟಿನ ಮೇಲೆ ದತ್ತಾತ್ರಿ ಕಡಲೆಯ ಚೀಲ ಕೂಡಿಸಿದ್ದ, ಉದಗೀರದ ನಾದಿನಿಗೆ ಮುಟ್ಟಿಸಲಿಕ್ಕೆಂದು ವಾರದಿಂದ ಗಾಡಿಯಲ್ಲಿ ತಿರುಗಿಸುತ್ತಿದ್ದ ಚೀಲ, ಇದನ್ನ ಇಳಿಸಪ್ಪಾ ಅಂದರೆ ಎಲ್ಲಿ ಇಳಸ್ಲಿ ಧನ್ಯಾ, ಮುದುಕಿ ಹಿಂದ ಕೂಡ್ಲಿ, ಸೊಸಿ ಮಾರಿ ನೋಡ್ಕೋತ ಬರ್ತಾಳ, ನಿನ್ನ ತೊಡಿ ಮ್ಯಾಲ ಕೂಡ್ತಾಳೇನು. ಧನರಾಜ ನಕ್ಕ. ನಕ್ಕು ಒಪ್ಪಿದ. ಒಂದು ಚೀಲ ಕಡಲೆ ಮುಂದೆ ಕೂತಿತು, ಪ್ರೇಮಾಬಾಯಿ ಹಿಂದೆ ಕೂತಳು, ಸೊಸೆಯ ಕಾಲಿನ ಹತ್ತಿರ. ನಿಲಂಗಾ ದಾಟಿದ ಮೇಲೆ ರಸ್ತೆ ಕೆಟ್ಟಿತು, ಗಾಡಿ ಒಂದು ತಗ್ಗಿಗೆ ಧಡ್ ಎಂದು ಇಳಿದಾಗ ಆಕೆಯ ಬಾಯಿಂದ ಬಂತು, ಯವ್ವಾ, ಸತ್ತೆನವ್ವಾ. ಅದುವರೆಗೆ ಒಂದು ಮಾತು ಆಡಿರಲಿಲ್ಲ, ಹೂಂ, ನಾಹೀ, ಅಷ್ಟೇ, ಈಗ ನೋವು ಕನ್ನಡದಲ್ಲಿ ಬಂತು, ಅವನಿಗೆ ಎದೆಯಲ್ಲಿ ಏನೋ ಅರಳಿದ ಹಾಗಾಯಿತು, ಅದೇ ಈಗ ನೆನೆದರೆ ನಾಚಿಕೆಯಿಂದ ಮೈ ಹಿಡಿಯಷ್ಟಾಗುತ್ತದೆ, ಅರಳಿತ್ತಂತೆ, ಆಕೆಯ ನೋವಿನಲ್ಲಿ ಇವನಿಗೆ ತನ್ನವರು ಸಿಕ್ಕ ಖುಷಿ. ಬಗ್ಗಿ ಕೇಳಿದ, ನೀವು ನಮ್ಮ ಕಡಿಯವರೇನವ್ವಾ, ಯಾವೂರು. ಆಕೆಯ ಮುಖ ಅವನ ಕಡೆ ಹೊರಳಿತು, ಕತ್ತಲ ಕೋಣೆಯ ಕಿಡಕಿ ಯಾರೋ ತೆಗೆದಂತೆ, ಕಲ್ಯಾಣದ ಬಾಜೂ ಅಣ್ಣಾ, ಹೋದ ದೀಪಾವಳಿಗಿ ಕೊಟ್ಟಾರ, ಇಲ್ಲಿ ಯಾರಿಗೂ ನಮ್ಮ ಮಾತು ಬರಂಗಿಲ್ಲ. ನನಗ ಬರ್ತದಲ್ಲವ್ವಾ, ಏನಿದ್ರೂ ನನ್ನ ಮುಂದ ಹೇಳ್ರಿ ಎಂದ. ಹೇಳ್ರಿ ಎಂದವನು ಅವನೇ. ಕರೆದವನು ಅವನೇ.

ಬಿಪಿ ಪಟ್ಟಿ ಸುತ್ತಲು ಅವನು ಆಕೆಯ ಎಡಗೈ ಎತ್ತಿದ, ಆಗ ಆಕೆ ಅವನ ಅಂಗಿಯ ತೋಳು ಹಿಡಿದಳು, ಮುಂಗೈ ಹತ್ತಿರ, ಐದೂ ಬೆರಳಿಂದ ಬಟ್ಟೆಯನ್ನು ಮುಷ್ಟಿಯೊಳಗೆ ಸೇರಿಸಿ ಹಿಡಿದಳು, ಮುಳುಗುವವರು ಹಿಡಿಯುವ ಹಾಗೆ, ತುಟಿ ಅಲ್ಲಾಡಿದವು, ಅಣ್ಣಾ ನಾ ಬಿದ್ದಿಲ್ಲ, ನಮ್ಮ ಯಜಮಾನ್ರು ನೂಕ್ಯಾರ, ರಟ್ಟಿ ಹಿಡಿದು ಮ್ಯಾಲಿಂದ ನೂಕ್ಯಾರ, ಅತ್ತಿ ಅಲ್ಲೇ ನಿಂತಿದ್ರು, ಇವರ ಮುಂದ ಹೇಳಬ್ಯಾಡ್ರಿ, ದವಾಖಾನ್ಯಾಗ ಡಾಕ್ಟರ ಮುಂದ ಹೇಳ್ರಿ, ನಮ್ಮಪ್ಪಗ ಒಂದು ಫೋನ್ ಹಚ್ರಿ. ಗಾಡಿ ಕುಲುಕುತ್ತಿತ್ತು, ಬಲೂನು ಒತ್ತುತ್ತಿದ್ದ, ಕಿವಿಯಲ್ಲಿ ನಳಿಗೆ, ಒಂದು ಕಿವಿಯದನ್ನು ಹಿಂದಕ್ಕೆ ಸರಿಸಿಕೊಂಡಿದ್ದ, ಕಣ್ಣು ಮುಳ್ಳಿನ ಮೇಲೆ, ಮುಳ್ಳು ನಡುಗುತ್ತಾ ಇಳಿಯುತ್ತಿದೆ, ಬಡಿತ ಎಲ್ಲಿ ಶುರುವಾಗುತ್ತದೆ ಎಂದು ಹುಡುಕುತ್ತಿದ್ದಾನೆ, ಆಗ ಕಾಲಿನ ಕಡೆಯಿಂದ ಪ್ರೇಮಾಬಾಯಿಯ ದನಿ, ಸಹಜ ದನಿ, ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳುವಂಥ ದನಿ, ಕಾಯ ಮ್ಹಣತೇ ಹೋ ತೀ, ಅಂದರೆ ಏನಂತಾಳ ಆಕಿ. ಅವನ ಬಾಯಿ ಹೇಳಿತು. ಅವನು ಹೇಳಲಿಲ್ಲ, ಅವನ ಕಣ್ಣು ಮುಳ್ಳಿನ ಮೇಲೇ ಇತ್ತು, ಬಾಯಿ ತಾನೇ ಹೇಳಿತು, ಮರಾಠಿಯಲ್ಲಿ, ಒಂದು ಪದ ಬಿಡದೆ, ಪಡಲೀ ನಾಹೀ ಮ್ಹಣತೇ, ಢಕಲಲಂ ಮ್ಹಣತೇ, ತುಮ್ಹಾಲಾ ಸಾಂಗೂ ನಕಾ ಮ್ಹಣತೇ. ಬಿದ್ದಿಲ್ಲವಂತೆ, ನೂಕಿದರಂತೆ, ನಿಮಗೆ ಹೇಳಬಾರದಂತೆ. ನಿಮಗೆ ಹೇಳಬಾರದು ಎಂಬುದನ್ನೂ ಹೇಳಿತು. ಅಂಗಿಯ ತೋಳಿನ ಮೇಲೆ ಆ ಹಿಡಿತ ಸಡಿಲಾಯಿತು, ಒಮ್ಮೆಲೇ ಬಿಡಲಿಲ್ಲ, ಒಂದೊಂದೇ, ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು, ಹೀಗೆ ಒಂದೊಂದಾಗಿ ಬಿಚ್ಚಿಕೊಂಡು ಕೈ ಗಾದಿಯ ಮೇಲೆ ಬಿತ್ತು.

ಇದು ಹೇಗಾಯಿತು ಎಂದು ಯಾರಾದರೂ ಕೇಳಿದರೆ ಏನು ಹೇಳುವುದು, ನಿದ್ದೆಯಲ್ಲಿದ್ದೆಯಾ, ಕುಡಿದಿದ್ದೆಯಾ, ಇಲ್ಲ, ಈ ಗಡಿಯಲ್ಲಿ ಎರಡು ಮಾತು ಬರುವವರ ಬಾಯಿ ಹೀಗೇ ಪಳಗಿರುತ್ತದೆ, ಏನಂತಾಳ ಎಂದರೆ ಸಾಕು, ಗಿರಣಿಯ ಹಾಗೆ ಮೇಲೆ ಜೋಳ ಹಾಕಿದರೆ ಕೆಳಗೆ ಹಿಟ್ಟು. ಅವ್ವ ಮಾಳಮ್ಮ ಆಳಂದದ ಕಡೆಯಿಂದ ಬಂದವಳು, ಇಷ್ಟು ವರ್ಷವಾದರೂ ಮರಾಠಿ ನಾಲಗೆಗೆ ಹೊರಳಲಿಲ್ಲ, ಸಂತೆಗೆ ಹೋದರೆ ಧನರಾಜ, ರೇಷನ್ನಿಗೆ ಹೋದರೆ ಧನರಾಜ, ಶಾಲೆ ಬಿಡಿಸಿಯಾದರೂ ಧನರಾಜ, ಉದಗೀರದ ಕಾಳಿನ ಅಡತಿ ಅಂಗಡಿಯಲ್ಲಿ ದುಡಿಯುವಾಗ ಕನ್ನಡದ ಗಾಡಿಯವರು ಬಂದರೆ ಸೇಟು ಅವನನ್ನೇ ಕೂಗುತ್ತಿದ್ದ, ಏ ಪೋರಾ, ಇವನೇನಂತಾನ ನೋಡು, ಅವನು ನಡುವೆ ನಿಂತು ಈ ಕಡೆಯದು ಆ ಕಡೆಗೆ, ಆ ಕಡೆಯದು ಈ ಕಡೆಗೆ, ಬೈಗುಳ ಬಂದರೆ ಬೈಗುಳವನ್ನೂ, ಜನ ನಗುತ್ತಿದ್ದರು, ಪೋರ ಭಾರೀ ಹುಷಾರ್ ಎಂದು ಬೆನ್ನು ತಟ್ಟುತ್ತಿದ್ದರು, ಜಗತ್ತಿನಲ್ಲಿ ಅವನಿಗೆ ಮೊದಲು ಸಿಕ್ಕ ಮರ್ಯಾದೆ ಅದು. ಅವ್ವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು, ಬಾಕಿನ ಮೇಲೆ ತುಂಬ ಜನ, ಕಂಪೌಂಡರ್ ಅಲ್ಲೇ ನಿಂತು ಏನಾಗಿದೆ ಎಂದ, ಅವ್ವ ಬಗ್ಗಿ ಅವನ ಕಿವಿಯಲ್ಲಿ ಹೇಳಿದಳು, ಹೆಂಗಸರ ಬ್ಯಾನಿ, ಅವನು ಶಾಲೆಯಲ್ಲಿ ಪದ್ಯ ಒಪ್ಪಿಸುವ ದನಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಮರಾಠಿಯಲ್ಲಿ ಹೇಳಿದ, ಅವ್ವ ಸೆರಗು ಮುಖದ ಮೇಲೆ ಎಳೆದುಕೊಂಡಳು, ಅವ್ವನಿಗೆ ಕಿಡಕಿಯ ಬಿಸಿಲು ಬಡಿಯುತ್ತಿರಬೇಕು ಎಂದು ಅವನಿಗೆ ಅನಿಸಿತ್ತು, ಆಮೇಲೆ ಅವ್ವ ಎಂದೂ ಅವನಿಗೆ ಬ್ಯಾನಿ ಪೂರ್ತಿ ಹೇಳಲಿಲ್ಲ, ತಲಿ ನೋಯ್ತದ ಅಂತ ಹೇಳು ಸಾಕು ಅನ್ನುತ್ತಿದ್ದಳು, ಅದರ ಅರ್ಥ ಇವತ್ತು ಈ ಗಾದಿ ಒರೆಸುವಾಗ ಹೊಳೆಯಬೇಕೇ. ಮತ್ತೆ ಸಂಜೆಯ ಕ್ಲಾಸು, ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಅವರು, ಹಗಲೆಲ್ಲ ದುಡಿದು ಬಂದವರು, ಬಳೆ ಮಾರುವವನು, ಮೆಡಿಕಲ್ ಅಂಗಡಿಯಲ್ಲಿ ನಿಲ್ಲುವವಳು, ಧನರಾಜ ಅಡತಿಯ ಧೂಳಿನ ಅಂಗಿಯಲ್ಲೇ, ವಿದ್ಯಾವತಿ ಮೇಡಂ ಗಿರಣಿಯ ಸದ್ದಿಗಿಂತ ಮೇಲೆ ದನಿ ಎತ್ತಿ ಹೇಳುತ್ತಿದ್ದರು, ಪೇಷಂಟ್ ಹೇಳಿದ್ದು ಪೇಷಂಟಿನ ಸ್ವತ್ತು, ನಿಮ್ಮ ಹತ್ರ ಇಟ್ಟಾರ, ಚಿಕಿತ್ಸೆ ಮಾಡೋರಿಗೆ ಮುಟ್ಟಸ್ರಿ, ಬ್ಯಾರೆಯವ್ರಿಗಿ ಕೊಡಬ್ಯಾಡ್ರಿ, ಹೊಡೆದ ಬಡಿದ ಸಂಶಯ ಬಂದ್ರ ಡಾಕ್ಟರಿಗೆ ಹೇಳದೇ ಇರಬ್ಯಾಡ್ರಿ, ಪೋಲೀಸರಿಗೆ ತಿಳಸೋದು ಅವರ ಕೆಲಸ, ಅವರಿಗೆ ತಿಳಸೋದು ನಿಮ್ಮ ಕೆಲಸ. ಆಟ ಆಡಿಸುತ್ತಿದ್ದರು, ಒಬ್ಬರು ಪೇಷಂಟ್, ಒಬ್ಬರು ಬಾಯಿ ಬಿಡಿಸುವ ಸಂಬಂಧಿಕ, ಒಬ್ಬರು ಟೆಕ್ನಿಷಿಯನ್, ಬಳೆಯವನು ಸಂಬಂಧಿಕನಾಗಿ ಅತ್ತ, ಕಾಲು ಹಿಡಿದ, ಪೋಲೀಸು ಕರೆಸುತ್ತೇನೆ ಎಂದ, ಧನರಾಜ ಬಾಯಿ ಬಿಡಲಿಲ್ಲ, ಗೋಡೆ ಇದ್ದಂಗ ಇದ್ದಾನ ನೋಡ್ರಿ ಹೀಂಗಿರಬೇಕು ಎಂದಿದ್ದರು ಮೇಡಂ. ಆ ಆಟ ಮರಾಠಿಯಲ್ಲಿತ್ತು, ಪೇಷಂಟೂ ಮರಾಠಿ, ಸಂಬಂಧಿಕನೂ ಮರಾಠಿ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಜಾಗದಲ್ಲಿ ನಡುವೆ ಕೂತು ಯಾರೂ ಆಡಿ ನೋಡಿರಲಿಲ್ಲ.

ಪ್ರೇಮಾಬಾಯಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ಅವನಿಗೆ ಎದುರು ನಿಲ್ಲಲು ಏನಾದರೂ ಸಿಗುತ್ತಿತ್ತು. ನಕ್ಕಳು, ತಲೆಗೆ ಪೆಟ್ಟು ಬಿದ್ದಿದೆಯಪ್ಪಾ, ಪಾಪ ಏನೇನೋ ಬಡಬಡಿಸುತ್ತಾಳೆ, ನೀನು ನಮ್ಮವನ ಹಾಗೆ, ನೀನಿದ್ದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಇವಳ ಮನಸ್ಸಿನಲ್ಲಿ ಏನಿದೆ ಅಂತ ನಮಗೆ ಹೇಗೆ ತಿಳಿಯಬೇಕು ಎಂದಳು, ಆ ಮಾತು, ಅದು ಬೆನ್ನು ತಟ್ಟಿದ ಹಾಗೇ ಇತ್ತು, ಅಡತಿಯ ಸೇಟು ತಟ್ಟಿದ ಹಾಗೆ. ಆಮೇಲೆ ಮಗನಿಗೆ ಫೋನು ಮಾಡಿದಳು, ಆಮೇಲೆ ಕಾಲಿನ ಕಡೆಯಿಂದ ಎದ್ದು ತಲೆಯ ಕಡೆಗೆ ಬಂದು ಕೂತು ಸೊಸೆಯ ಹಣೆ ಸವರುತ್ತ ಕಿವಿಯಲ್ಲಿ ಏನೋ ಹೇಳಿದಳು, ಗಾಡಿಯ ಸದ್ದಿಗೆ ಕೇಳಲಿಲ್ಲ, ಕೇಳಿದ್ದರೆ ಅದನ್ನೂ ಕನ್ನಡಕ್ಕೆ ತಿರುಗಿಸಿ ಹೇಳಿಬಿಡುತ್ತಿದ್ದೆಯಾ, ಹೇಳುತ್ತಿದ್ದೆ ಏನೋ, ನಿನ್ನ ಬಾಯಿಯ ಮೇಲೆ ಏನು ನಂಬಿಕೆ. ಉಮಾಶ್ರೀ ಚಾವಣಿ ನೋಡುತ್ತ ಮಲಗಿದ್ದಳು. ಅವನು ಬಿಪಿ ಮತ್ತೆ ನೋಡಬೇಕಾಯಿತು, ಮೊದಲನೆಯದು ಮರೆತೇ ಹೋಗಿತ್ತು, ಆಕೆ ಕೈ ಕೊಟ್ಟಳು, ಕೈ ಸತ್ತಂತಿತ್ತು, ಅಂಗಿ ಹಿಡಿಯಲಿಲ್ಲ. ಇಲ್ಲಿ ಬಂದಿಳಿದಾಗ ಡಾಕ್ಟರ್ ಮೀನಲ, ಚಿಕ್ಕ ವಯಸ್ಸು, ಮರಾಠಿಯವರು, ಏನಾಯಿತು ಬಾಯಿ ಎಂದು ಪೇಷಂಟನ್ನೇ ಕೇಳಿದರು, ಪೇಷಂಟನ್ನೇ, ಧನರಾಜ ಕೇಳದ ಹಾಗೆ, ಉಮಾಶ್ರೀ ಮುರುಕು ಮರಾಠಿಯಲ್ಲಿ ಮೀ ಪಡಲೇ ಎಂದಳು, ನಾನು ಬಿದ್ದೆ. ಆಮೇಲೆ ಡಾಕ್ಟರು ಇವನ ಕಡೆ ತಿರುಗಿದರು, ಅದು ಅವನು ಹೇಳಬೇಕಾದ ಹೊತ್ತು, ಪೇಷಂಟನ್ನು ಒಪ್ಪಿಸುವ ಹೊತ್ತು, ಬಿಪಿ ಹೇಳಿದ, ನಾಡಿ ಹೇಳಿದ, ಬಲ ಮಣಿಕಟ್ಟು ಮುರಿದಂತಿದೆ ಎಂದ, ಹೇಗೆ ಎಂದರು, ಪ್ರೇಮಾಬಾಯಿ ಪಕ್ಕದಲ್ಲೇ ಇದ್ದಳು, ಮೆಟ್ಟಿಲಿಂದ ಬಿದ್ದಾಳೆ ಎಂದ. ಹೇಳಬಾರದವರಿಗೆ ಹೇಳಿದ, ಹೇಳು ಎಂದವರಿಗೆ ಹೇಳಲಿಲ್ಲ. ಒಂದೇ ಒಂದು ಕೇಳಿದ್ದಳಲ್ಲ ಆಕೆ, ಅದನ್ನು ತಲೆಕೆಳಗು ಮಾಡಿ ನಡೆಸಿಕೊಟ್ಟ. ಅಪ್ಪನ ಫೋನು ನಂಬರೂ ಕೇಳಲಿಲ್ಲ. ಬಾಯಿ ಬಿಟ್ಟು ಕೆಡಿಸಿದವನಿಗೆ ಮತ್ತೆ ಬಾಯಿ ಬಿಡಲು ಹೆದರಿಕೆ, ಇದನ್ನು ಎಚ್ಚರ ಎಂದು ಕರೆದುಕೊಂಡಿದ್ದ ಈವರೆಗೆ, ಎಚ್ಚರವಲ್ಲ ಇದು, ಡಾಕ್ಟರಿಗೆ ಹೇಳಿದರೆ ಅವರು ಕೇಳುತ್ತಾರೆ ಅತ್ತೆಗೆ ಹೇಗೆ ಗೊತ್ತಾಯಿತು ಎಂದು, ಅದಕ್ಕೆ ಉತ್ತರ ಕೊಡಬೇಕಾಗುತ್ತದೆ, ಅಷ್ಟೇ, ಅಷ್ಟಕ್ಕೇ.

ಧನ್ಯಾ, ಏ ಧನ್ಯಾ, ದತ್ತಾತ್ರಿ ಚಹಾದ ಗ್ಲಾಸು ಹಿಡಿದು ಬಾಗಿಲಿಗೆ ಬಂದ, ಗಾದಿ ಚರ್ಮ ಸುಲೀತಿ ಏನ್ ಇವತ್ತ, ತಗೋ, ಕುಡಿ, ನಮ್ಮ ನಾದಿನಿ ಗಂಡಗ ಫೋನ್ ಮಾಡೀನಿ, ಬಂದು ಚೀಲ ಒಯ್ತಾನ, ಆಮ್ಯಾಲ ಹೊಂಡೋಣು. ಸ್ವಲ್ಪ ತಡಿಯಪ್ಪಾ ಎಂದ ಧನರಾಜ. ಯಾಕ, ಮುದುಕಿ ಭಕ್ಷೀಸ್ ಕೊಡ್ತಾಳಂತ ಕುಂತಿ ಏನು, ಕೊಡಂಗಿಲ್ಲ ಬಿಡು, ಆಕಿ ಮಾರಿ ನೋಡಿದ್ರ ತಿಳೀತದ, ವಿಭೂತಿ ಬಿಟ್ರ ಏನೂ ಉದುರಂಗಿಲ್ಲ. ಧನರಾಜ ಗ್ಲಾಸು ತೆಗೆದುಕೊಂಡ, ಕುಡಿಯಲಿಲ್ಲ, ದತ್ತೂ, ಆಕಿನ್ನ ಗಂಡ ನೂಕ್ಯಾನಂತ, ಆಕಿ ನನ್ನ ಮುಂದ ಹೇಳ್ಯಾಳ, ನಾ ಅತ್ತಿ ಮುಂದ ಹೇಳೀನಿ. ಹೇಳಿಬಿಟ್ಟ, ಇದೂ ತಾನಾಗಿಯೇ ಬಂತು. ದತ್ತಾತ್ರಿಯ ಮುಖದ ಮೇಲಿನ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಇತ್ತು, ಆಮೇಲೆ ಹೋಯಿತು, ಅತ್ತಿ ಮುಂದ ಯಾಕ ಹೇಳ್ದಿ ಎಂದ. ಕೇಳಿದ್ಳು ಎಂದ ಧನರಾಜ. ಕೇಳಿದ್ರ ಏನಾತು ಎಂದ ದತ್ತಾತ್ರಿ. ಕೇಳಿದ್ರ ಹೇಳೀನಿ. ಬೈಯುತ್ತಾನೆ ಎಂದು ಧನರಾಜ ಕಾದ, ದತ್ತಾತ್ರಿ ಬೈಯಲಿಲ್ಲ, ಚೀಲ ನಾ ಇಳಿಸಬೇಕಿತ್ತು ಎಂದ, ಕೆಳಗೆ ನೋಡಿ. ಆಗ ಗೇಟಿನಲ್ಲಿ ಬೈಕು ಬಂತು, ಸಿದ್ಧೇಶ್ವರ, ಅವನ ಹಿಂದೆ ಮಾವನೋ ಯಾರೋ ಒಬ್ಬ ದಪ್ಪ ಮನುಷ್ಯ, ಪ್ರೇಮಾಬಾಯಿ ಪಡಸಾಲೆಯ ಕಂಬದ ಹತ್ತಿರ ಅವರನ್ನು ಕಾಯುತ್ತಿದ್ದಳು, ಇಲ್ಲಿಗೆ ಕೇಳುವಷ್ಟೇ ದನಿ, ಪ್ಲಾಸ್ಟರ್ ಹಾಕಿದ ಕೂಡಲೇ ಒಯ್ಯೋಣ, ಇಲ್ಲಿ ಇಡುವುದು ಬೇಡ, ಹುಡುಗಿಯ ಬಾಯಿ ಸರಿಯಿಲ್ಲ, ತಮ್ಮಾ ನಿನ್ನ ಜೀಪು ತಾ. ಮಗ ತಲೆ ಆಡಿಸಿದ. ಬಾಯಿ ಸರಿಯಿಲ್ಲದವನು ಇಲ್ಲಿದ್ದಾನೆ ಪ್ರೇಮಾಬಾಯಿ, ಈ ಗಾಡಿಯೊಳಗೆ. ಮೊದಲು ಕಿರುಬೆರಳು. ಆಮೇಲೆ ಅದರ ಪಕ್ಕದ್ದು. ಚಹಾ ಗಾದಿಯ ಮೇಲೆ ಇಟ್ಟು, ಒರೆಸಿದ ಗಾದಿಯ ಮೇಲೆ ಇಟ್ಟು, ಅವನು ಇಳಿದ, ಕಾಲು ನಡೆಯುತ್ತಿತ್ತು, ಕಂಬ ದಾಟಿತು, ಪ್ರೇಮಾಬಾಯಿ ಏನಪ್ಪಾ ಇನ್ನೂ ಇದ್ದೀಯಾ ಎಂದಳು, ಸಿದ್ಧೇಶ್ವರ ಮೊದಲ ಸಲ ಅವನ ಮುಖ ನೋಡಿದ, ನಿಲ್ಲಲಿಲ್ಲ, ನಿಂತರೆ ಮತ್ತೆ ಹೊರಡುವುದಿಲ್ಲ ಎಂದು ಗೊತ್ತಿತ್ತು.

ಡಾಕ್ಟರ್ ಮೀನಲ ಯಾರದೋ ಚೀಟಿ ಬರೆಯುತ್ತಿದ್ದರು, ಅವನು ಬಾಗಿಲು ಮುಂದಕ್ಕೆ ಮಾಡಿಕೊಂಡು ನಿಂತು ಹೇಳಿದ, ಎಲ್ಲ ಹೇಳಿದ, ನೀಲಿ ಗುರುತು, ನೂಕಿದ್ದು, ಡಾಕ್ಟರಿಗೆ ಹೇಳಿ ಎಂದದ್ದು, ಅತ್ತೆಗೆ ಗೊತ್ತಾದದ್ದು. ಹೇಗೆ ಗೊತ್ತಾಯಿತು ಎಂದರು, ಕೇಳಿಯೇ ಕೇಳಿದರು. ನಾನೇ ಮೇಡಂ, ಅವರು ಕೇಳಿದರು, ನಾನು ತಿರುಗಿಸಿ ಹೇಳಿದೆ. ಪೆನ್ನು ನಿಂತಿತು. ಅವರು ಕೂಗಲಿಲ್ಲ, ಇದನ್ನು ಬಂದ ಕೂಡಲೇ ಯಾಕೆ ಹೇಳಲಿಲ್ಲ ಎಂದರು, ಉತ್ತರಕ್ಕೆ ಕಾಯದೆ ಎದ್ದರು, ಎಕ್ಸರೇ ಕೋಣೆಗೆ ಮನೆಯವರು ಬರುವ ಹಾಗಿಲ್ಲ, ಅಲ್ಲಿ ಒಬ್ಬಳೇ ಇದ್ದಾಳೆ, ನಡಿ, ಅವಳ ಭಾಷೆಯಲ್ಲಿ ನೀನೇ ಕೇಳು, ನನಗೆ ಅವಳ ಬಾಯಿಂದ ಬೇಕು. ಕೋಣೆ ತಣ್ಣಗಿತ್ತು, ಕಿಡಕಿಯಿಲ್ಲ, ಮೇಜಿನ ಮೇಲೆ ಆಕೆ ಮಲಗಿದ್ದಳು, ಮುರಿದ ಕೈ ಎದೆಯ ಮೇಲೆ, ಇನ್ನೊಂದು ಪಕ್ಕಕ್ಕೆ, ಅವನು ಬಂದದ್ದನ್ನು ನೋಡಿದಳು, ನೋಡಿ ಡಾಕ್ಟರ ಕಡೆ ಕಣ್ಣು ಸರಿಸಿದಳು. ಧನರಾಜ ಬಗ್ಗಲಿಲ್ಲ, ಬಗ್ಗಲು ಧೈರ್ಯವಾಗಲಿಲ್ಲ, ನಿಂತಲ್ಲಿಂದಲೇ ಹೇಳಿದ, ತಂಗೀ, ಇಲ್ಲಿ ನಿಮ್ಮ ಮನಿಯವರು ಯಾರೂ ಇಲ್ಲ, ಡಾಕ್ಟರಬಾಯಿ ಕೇಳ್ಲಿಕತ್ತಾರ, ಏನಾಗ್ಯಾದ ಹೇಳವ್ವಾ, ನಾ ತಪ್ಪು ಮಾಡೀನಿ, ಇವರ ಮುಂದ ಹೇಳು, ಇವರು ಯಾರಿಗೂ ಹೇಳಂಗಿಲ್ಲ. ಆಕೆ ಡಾಕ್ಟರನ್ನೇ ನೋಡುತ್ತ, ಒಂದೊಂದೇ ಪದ ಹುಡುಕಿ ಜೋಡಿಸುತ್ತ, ಮರಾಠಿಯಲ್ಲಿ ಹೇಳಿದಳು, ಮಲಾ ಕಾನಡೀ ಯೇತ ನಾಹೀ. ನನಗೆ ಕನ್ನಡ ಬರುವುದಿಲ್ಲ. ಡಾಕ್ಟರ್ ಇವನ ಕಡೆ ನೋಡಿದರು, ಅದರಲ್ಲಿ ತಿರುಗಿಸಿ ಹೇಳುವಂಥದ್ದು ಏನೂ ಇರಲಿಲ್ಲ. ಆಯಿತು ಎಂದರು ಮೀನಲ, ಮೆಲ್ಲಗೆ ಆಕೆಯ ರವಿಕೆಯ ತೋಳು ಸರಿಸಿ ನೀಲಿಯನ್ನು ನೋಡಿದರು, ಇವತ್ತು ಇವಳನ್ನು ಬಿಡುವುದಿಲ್ಲ, ನಾನು ಕಂಡದ್ದನ್ನು ನಾನು ಬರೆಯುತ್ತೇನೆ, ಪೋಲೀಸ್ ಚೌಕಿಗೆ ತಿಳಿಸುತ್ತೇನೆ, ಸಂಜೆಯ ಪಾಳಿಗೆ ಅನುಸೂಯಾ ಸಿಸ್ಟರ್ ಬರುತ್ತಾಳೆ, ಅವಳಿಗೆ ಕನ್ನಡ ಬರುತ್ತದೆ, ಅವಳು ಇವಳ ಹತ್ತಿರ ಕೂಡುತ್ತಾಳೆ, ನೀನು ಹೊರಗೆ ಹೋಗು. ಹೋಗಬೇಕು. ಇವತ್ತು ಬಿಡುವುದಿಲ್ಲವಂತೆ, ಒಳ್ಳೆಯದಾಯಿತು, ಅನುಸೂಯಾ ಸಿಸ್ಟರ್ ಕೇಳುತ್ತಾರೆ, ಒಳ್ಳೆಯದೇ, ಆಕೆ ಹೇಳಬಹುದು, ಹೇಳದೆಯೂ ಇರಬಹುದು, ಕನ್ನಡ ಮಾತಾಡುತ್ತ ಬರುವವರನ್ನು ಆಕೆ ಇನ್ನು ಹೇಗೆ ನಂಬಬೇಕು, ಹೊರಗೆ ಹೋಗು ಎಂದಿದ್ದಾರೆ, ಬಾಗಿಲು ಹಿಂದೆಯೇ ಇದೆ, ಅವನ ಕಾಲು ಅಲ್ಲಾಡುವುದಿಲ್ಲ, ಆಕೆಯ ಎಡಗೈ ಮೇಜಿನ ಅಂಚಿನ ಮೇಲಿದೆ, ಅವನ ಅಂಗಿಯಿಂದ ಒಂದು ಗೇಣು ದೂರ, ಅದು ಈಗ ಏನನ್ನೂ ಹಿಡಿದಿಲ್ಲ, ಅಂಗಿಯ ತೋಳಿನ ಮೇಲೆ ಮುಷ್ಟಿಯ ಸುಕ್ಕು ಇನ್ನೂ ಇದೆ, ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು, ಆಮೇಲೆ ನಡುವಿನದು, ತೋರುಬೆರಳು ಎಲ್ಲಕ್ಕಿಂತ ತಡವಾಗಿ, ಬಿಡಲೋ ಬೇಡವೋ ಎಂದು ಒಂದು ಕ್ಷಣ ಬಟ್ಟೆಯಲ್ಲೇ ಸಿಕ್ಕಿಕೊಂಡು, ಮತ್ತೆ ಕಿರುಬೆರಳು, ಅದರ ಪಕ್ಕದ್ದು, ನಡುವಿನದು, ತೋರುಬೆರಳು ಬಟ್ಟೆಯಲ್ಲಿ ಸಿಕ್ಕಿಕೊಂಡು —